ಕ್ಯಾಲ್ಸಿಯಂ ರಿಯಾಕ್ಟರ್ ಜೋಡಿಸುವವರು ಮೊದಲು ನೀರಿನ ದಾರಿ ನೋಡಬೇಕು

ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಸುಣ್ಣದ ತಿಳಿನೀರಿಗೆ ಗಾಜಿನ ಕೊಳವೆಯಿಂದ ಉಸಿರು ಊದಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ಮೇಷ್ಟ್ರು ಹೇಳುತ್ತಾರೆ, ಗಂಟೆ ಹೊಡೆಯುತ್ತದೆ, ಪಾಠ ಮುಗಿಯುತ್ತದೆ. ಆದರೆ ಅಲ್ಲಿಗೆ ನಿಲ್ಲಿಸದೆ ಊದುತ್ತಲೇ ಹೋದರೆ ಬೆಳ್ಳಗಾದ ನೀರು ನಿಧಾನವಾಗಿ ಮತ್ತೆ ತಿಳಿಯಾಗುತ್ತದೆ. ಮೊದಲು ಹುಟ್ಟಿದ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್, ಇನ್ನಷ್ಟು ಡೈಆಕ್ಸೈಡ್ ಸಿಕ್ಕ ಮೇಲೆ ಕರಗುವ ಬೈಕಾರ್ಬೊನೇಟ್ ಆಗಿ ನೀರಿನಲ್ಲಿ ಸೇರಿಹೋಗುತ್ತದೆ. ಉಪ್ಪು ನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವವರಿಗಾಗಿ ನಾನು ಇಂದು ವಿವರಿಸಹೊರಟಿರುವ ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಯಂತ್ರ ಮಾಡುವುದು ಆ ಪ್ರಯೋಗದ ಈ ಉಳಿದರ್ಧವನ್ನು ಮಾತ್ರ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಗೀಸರ್‌ನ ಕಾಯಿಲ್ ಮೇಲೆ ಬಿಳಿಯ ಚಕ್ಕೆ ಕಟ್ಟುತ್ತದೆಯಲ್ಲ, ಅದು ಇದೇ ಕ್ರಿಯೆ ಹಿಮ್ಮುಖವಾಗಿ ನಡೆದ ಗುರುತು. ಕಾವಿಗೆ ಅನಿಲ ಹಾರಿಹೋಗುತ್ತದೆ, ಕರಗಿದ್ದ ಸುಣ್ಣ ಕಲ್ಲಾಗಿ ಕೂರುತ್ತದೆ. ಈ ಚಕ್ಕೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಕೊಳವೆಗಳ ಮಾತು ಬಂದಾಗ ಅದು ಮತ್ತೆ ಎದುರಾಗುತ್ತದೆ.

ಗಟ್ಟಿ ಹವಳಗಳು ತಮ್ಮ ಅಸ್ಥಿಯನ್ನು ಕಟ್ಟಿಕೊಳ್ಳುವುದು ಅರಗೊನೈಟ್ ಎಂಬ ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ಕಡಲಿನ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 410ರಿಂದ 420 ಪಿಪಿಎಂ ಇರುತ್ತದೆ, ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಬೈಕಾರ್ಬೊನೇಟ್‌ಗಳ ಅಳತೆ, ಡಿಕೆಎಚ್ ಎಂಬ ಮಾನದಲ್ಲಿ ಸುಮಾರು 7 ಇರುತ್ತದೆ, ಮತ್ತು ಕಡಲು ಎಷ್ಟು ದೊಡ್ಡದೆಂದರೆ ಹವಳಗಳು ಎಷ್ಟು ಹೀರಿಕೊಂಡರೂ ಈ ಅಂಕಿಗಳು ಅಲುಗಾಡುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಆ ಭಾಗ್ಯವಿಲ್ಲ. ಹವಳಗಳು ಚೆನ್ನಾಗಿ ಬೆಳೆಯುತ್ತಿರುವ ತೊಟ್ಟಿಯಲ್ಲಿ ಆಲ್ಕಲಿನಿಟಿ ದಿನಕ್ಕೆ ಒಂದರಿಂದ ಎರಡು ಡಿಕೆಎಚ್ ಇಳಿಯುವುದು ಸಾಮಾನ್ಯ. ಇಳಿದದ್ದನ್ನು ತುಂಬಿಕೊಡಲು ಮೂರು ದಾರಿಗಳಿವೆ. ಮೊದಲನೆಯದು ಸುಣ್ಣದ ತಿಳಿನೀರನ್ನೇ ಹನಿಹನಿಯಾಗಿ ಬಿಡುವುದು. ಇದನ್ನು ರೂಢಿಗೆ ತಂದವರು ಜರ್ಮನ್ ಭಾಷಿಕರಾದ್ದರಿಂದ ಹವ್ಯಾಸಿಗಳು ಇಂದಿಗೂ ಅದನ್ನು ಕಾಲ್ಕ್‌ವಾಸರ್ ಎಂದೇ ಕರೆಯುತ್ತಾರೆ. ಎರಡನೆಯದು ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಸೋಡಾವನ್ನು ಬೇರೆಬೇರೆ ದ್ರಾವಣಗಳಾಗಿ ಅಳೆದು ಹಾಕುವುದು. ಹವಳದ ಜಲ್ಲಿಯನ್ನೇ ಕರಗಿಸಿ ಹವಳಕ್ಕೆ ಉಣಿಸುವ ಮೂರನೆಯ ದಾರಿಯೇ ರಿಯಾಕ್ಟರ್. ಹವಳ ಯಾವ ಪ್ರಮಾಣದಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ತೆಗೆದುಕೊಳ್ಳುತ್ತದೆಯೋ ಸರಿಸುಮಾರು ಅದೇ ಪ್ರಮಾಣದಲ್ಲಿ ಜಲ್ಲಿಯಿಂದ ಎರಡೂ ಹೊರಬರುತ್ತವೆ ಎಂಬುದೇ ಈ ದಾರಿಯ ದೊಡ್ಡ ಅನುಕೂಲ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮ ತೊಟ್ಟಿ 150 ಲೀಟರಿನದಾಗಿದ್ದರೆ, ಅಥವಾ ಅದರಲ್ಲಿ ಮೆತ್ತನೆಯ ಹವಳಗಳೇ ಹೆಚ್ಚಾಗಿದ್ದರೆ, ಈ ಯಂತ್ರ ನಿಮಗೆ ಬೇಡ. ಎರಡು ದ್ರಾವಣಗಳ ವಿಧಾನ ಸಾಕು. ಉಳಿದ ಹಣದಲ್ಲಿ ಒಳ್ಳೆಯ ದೀಪ ಕೊಳ್ಳಿ. ಇನ್ನೊಂದು ಮಾತು, ಊರಿನಲ್ಲಿರುವ ಬಂಧುಗಳಿಗೂ ಇಂಥದ್ದೊಂದು ಮಾಡಿಸಿಕೊಡಬೇಕು ಎಂದು ಆಸೆಪಟ್ಟು ಬಂದವರಿಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಗಟ್ಟಿ ಹವಳಗಳು ಸೇರಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗಿ ನೋಡಿ ಬರಬಹುದು, ಒಂದು ಚೂರನ್ನೂ ಎತ್ತಿ ತರುವಂತಿಲ್ಲ. ನಾನು ಹೇಳುತ್ತಿರುವುದೆಲ್ಲ ಇಲ್ಲಿ ಅಮೆರಿಕದಲ್ಲಿ, ತೊಟ್ಟಿಗಳಲ್ಲೇ ಕತ್ತರಿಸಿ ಬೆಳೆಸಿದ ಹವಳದ ತುಂಡುಗಳನ್ನು ಅಂಗಡಿಯಲ್ಲಿ ಕೊಂಡು ಸಾಕುವವರ ಅನುಭವ.

ಯಂತ್ರ ಕೊಳ್ಳುವ ಮೊದಲು ಲೆಕ್ಕ ಮಾಡಬೇಕು. ನನ್ನ ತೊಟ್ಟಿಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ಕಲ್ಲು ಮರಳು ಕಳೆದು ನೀರು 400 ಲೀಟರ್ ಇದೆ. ಎರಡು ದಿನ ಏನನ್ನೂ ಹಾಕದೆ, ಬೆಳಿಗ್ಗೆ ಒಂದೇ ಹೊತ್ತಿಗೆ ಆಲ್ಕಲಿನಿಟಿ ಅಳೆದಾಗ ದಿನಕ್ಕೆ 1.5 ಡಿಕೆಎಚ್ ಇಳಿಯುತ್ತಿತ್ತು. ಎರಡನ್ನೂ ಗುಣಿಸಿದರೆ 600. ರಿಯಾಕ್ಟರಿನಿಂದ ಹೊರಬರುವ ನೀರಿನ ಆಲ್ಕಲಿನಿಟಿ 30 ಡಿಕೆಎಚ್ ಇದೆಯೆಂದು ಇಟ್ಟುಕೊಳ್ಳಿ. ಒಳಹೋಗುವಾಗಲೇ ಅದರಲ್ಲಿ 8 ಇತ್ತು, ಆದ್ದರಿಂದ ಪ್ರತಿ ಲೀಟರಿಗೂ ದಕ್ಕುವ ಲಾಭ 22. 600ನ್ನು 22ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 27 ಲೀಟರ್, ಅಂದರೆ ನಿಮಿಷಕ್ಕೆ 19 ಮಿಲಿಲೀಟರ್ ನೀರು ಆ ಯಂತ್ರದ ಮೂಲಕ ಹಾದುಹೋಗಬೇಕು. ಮಕ್ಕಳ ಕೆಮ್ಮಿನ ಸಿರಪ್ ಬಾಟಲಿಯ ಮೇಲಿರುವ ಅಳತೆಯ ಮುಚ್ಚಳದಲ್ಲಿ ಹಿಡಿದರೆ ನಿಮಿಷಕ್ಕೆ ಎರಡು ಮುಚ್ಚಳವೂ ತುಂಬುವುದಿಲ್ಲ. ಇದೇ ಲೆಕ್ಕವನ್ನು ಕಲ್ಲಿಗೆ ತಿರುಗಿಸಿದರೆ ದಿನಕ್ಕೆ ಸುಮಾರು 10.7 ಗ್ರಾಂ ಜಲ್ಲಿ ಕರಗಬೇಕು, ವರ್ಷಕ್ಕೆ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ. ನನ್ನ ಬೇಸ್‌ಮೆಂಟಿನ ಕೊಳವೆಯೊಂದರಲ್ಲಿ ಇದ್ದ ಕಲ್ಲು ವರ್ಷ ಕಳೆಯುವುದರೊಳಗೆ ಮೇಲಿನ ಹಜಾರದಲ್ಲಿ ಹವಳದ ಕೊಂಬೆಯಾಗಿ ನಿಂತಿರುತ್ತದೆ ಎನ್ನುವುದು ನನಗೆ ಇಂದಿಗೂ ಹಳೆಯದಾಗದ ವಿಸ್ಮಯ.

ನಿಮಿಷಕ್ಕೆ 19 ಮಿಲಿಲೀಟರ್ ಎಂಬ ಈ ಸಣ್ಣ ಅಂಕಿಯಲ್ಲೇ ಇಡೀ ಯಂತ್ರದ ಕಷ್ಟ ಅಡಗಿದೆ. ರಿಯಾಕ್ಟರಿನೊಳಗೆ ಎರಡು ಹರಿವುಗಳು ಸೇರುತ್ತವೆ, ಒಂದು ಸಿಲಿಂಡರಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಅನಿಲದ್ದು, ಇನ್ನೊಂದು ತೊಟ್ಟಿಯ ನೀರಿನದು. ಇವೆರಡರ ಅನುಪಾತ ನಿಂತರೆ ಒಳಗಿನ ಪಿಎಚ್ ನಿಲ್ಲುತ್ತದೆ, ಪಿಎಚ್ ನಿಂತರೆ ಹೊರಬರುವ ನೀರಿನ ಸತ್ವವೂ ನಿಲ್ಲುತ್ತದೆ. ಹೊಸಬರು ತಮ್ಮ ಹಣ ಮತ್ತು ಗಮನ ಎರಡನ್ನೂ ಅನಿಲದ ಕಡೆಗೆ ಸುರಿಯುತ್ತಾರೆ, ಏಕೆಂದರೆ ಹೊಳೆಯುವ ಗೇಜುಗಳು ಅಲ್ಲಿವೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ತೊಂದರೆಗಳು ನೀರಿನ ಹರಿವು ಸದ್ದಿಲ್ಲದೆ ಕುಗ್ಗಿದ್ದರಿಂದ ಬಂದವು.

ಅನಿಲದ ಭಾಗವನ್ನು ಮೊದಲು ಮುಗಿಸುತ್ತೇನೆ. 5 ಪೌಂಡಿನ ಸಿಲಿಂಡರ್ ನನ್ನಂಥ ತೊಟ್ಟಿಗೆ ಸಾಕು. ಬಿಯರ್ ಮಾಡುವ ಸಾಮಾನು ಮಾರುವ ಅಂಗಡಿಗಳಲ್ಲೂ, ವೆಲ್ಡಿಂಗ್ ಅನಿಲ ಮಾರುವವರಲ್ಲೂ ಅದನ್ನು ತುಂಬಿಸಿಕೊಡುತ್ತಾರೆ. ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿ, ಗೋಡೆಗೋ ಕಂಬಕ್ಕೋ ಬಿಗಿದಿಡಬೇಕು. ಮಲಗಿಸಿದರೆ ಒಳಗಿನ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ರೆಗ್ಯುಲೇಟರ್ ಕೂರುವ ಜಾಗದಲ್ಲಿ ಚಪ್ಪಟೆ ವಾಷರ್ ಹಾಕಿ ನಟ್ಟನ್ನು ಬಿಗಿಯುತ್ತೇವೆ. ಅಲ್ಲಿ ಟೆಫ್ಲಾನ್ ಟೇಪ್ ಸುತ್ತಬಾರದು, ಸೋರಿಕೆ ತಡೆಯುವುದು ನಟ್ಟಿನ ಥ್ರೆಡ್ಡಿನ ಕೆಲಸವಲ್ಲ, ವಾಷರಿನ ಕೆಲಸ. ನೈಲಾನ್ ವಾಷರನ್ನು ಪ್ರತಿ ಸಲ ಬದಲಿಸಿ, ಜೋಡಣೆಯಾದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ.

ದೊಡ್ಡ ಗೇಜಿನ ಮುಳ್ಳು ಕೋಣೆಯ ಉಷ್ಣಾಂಶದಲ್ಲಿ 800 ಪಿಎಸ್‌ಐ ದಾಟಿ ನಿಂತಿರುತ್ತದೆ. ಒಳಗೆ ದ್ರವ ಇರುವಷ್ಟು ದಿನವೂ ಅದು ಅಲ್ಲೇ ಇರುತ್ತದೆ, ಆದ್ದರಿಂದ ಅದನ್ನು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಅಡುಗೆ ಅನಿಲದ ಸಿಲಿಂಡರನ್ನು ಅಲುಗಾಡಿಸಿ ನೋಡುತ್ತಿದ್ದ ನಮ್ಮ ಮನೆಗಳ ಹೆಂಗಸರ ವಿಧಾನ ಇದಕ್ಕಿಂತ ಮೇಲು, ತಕ್ಕಡಿಯಲ್ಲಿ ತೂಗುವುದು ಅದಕ್ಕಿಂತಲೂ ಮೇಲು. ದ್ರವ ಮುಗಿದ ಮೇಲೆ ಮುಳ್ಳು ಬೇಗಬೇಗ ಇಳಿಯುತ್ತದೆ, ಮತ್ತು ಒಂದೇ ಹಂತದ ರೆಗ್ಯುಲೇಟರುಗಳಲ್ಲಿ ಆ ಹೊತ್ತಿಗೆ ಹೊರಗಿನ ಒತ್ತಡ ಏರಿ ಉಳಿದ ಅನಿಲ ಒಮ್ಮೆಲೇ ತೊಟ್ಟಿಗೆ ನುಗ್ಗುವ ಅಪಾಯವಿದೆ. ಎರಡು ಹಂತದ ರೆಗ್ಯುಲೇಟರಿಗೆ ಹೆಚ್ಚು ಹಣ ಕೊಡಬೇಕಾದ್ದು ಇದೊಂದೇ ಕಾರಣಕ್ಕೆ, ಮತ್ತು ಆ ಕಾರಣ ಸಾಕು.

ರೆಗ್ಯುಲೇಟರಿನಿಂದ ಮುಂದೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಅನಿಲವನ್ನು ಸಣ್ಣಗೆ ಹೊಂದಿಸುವ ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಬಬಲ್ ಕೌಂಟರ್ ಬರುತ್ತವೆ. ಅದರಾಚೆ ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಇರಲೇಬೇಕು. ಉಪ್ಪು ನೀರು ರೆಗ್ಯುಲೇಟರಿನೊಳಗೆ ಹೋಯಿತೆಂದರೆ ಅದರ ಕಥೆ ಮುಗಿದಂತೆ. ಈ ದಾರಿಯಲ್ಲಿ ಸಿಲಿಕೋನ್ ಕೊಳವೆ ಬಳಸಬೇಡಿ, ಇಂಗಾಲದ ಡೈಆಕ್ಸೈಡ್ ಅದರ ಗೋಡೆಯ ಮೂಲಕವೇ ಹೊರಗೆ ಹೋಗುತ್ತದೆ. ಪಾಲಿಯುರೆಥೇನ್ ಕೊಳವೆ ಹಾಕಿ. ಬೇಸ್‌ಮೆಂಟಿನಲ್ಲಿ ಮಲಗುವ ಕೋಣೆ ಮಾಡಿಕೊಂಡವರಿಗೆ ಒಂದು ಲೆಕ್ಕ ಹೇಳಬೇಕು. 5 ಪೌಂಡ್ ಎಂದರೆ ಸುಮಾರು 2.3 ಕಿಲೋ ಅನಿಲ. ಹೊರಬಂದರೆ ಅದು ಒಂದೂಕಾಲು ಘನಮೀಟರ್ ಜಾಗ ತುಂಬುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ನೂರಕ್ಕೆ ನಾಲ್ಕು ಭಾಗವಾಗುತ್ತದೆ, ಆ ಮಟ್ಟ ಪ್ರಾಣಾಪಾಯದ್ದು. ಅದು ಗಾಳಿಗಿಂತ ಭಾರವಾದ್ದರಿಂದ ಮೊದಲು ತುಂಬುವುದೂ ನೆಲಮಟ್ಟದಲ್ಲಿ, ಹಾಸಿಗೆಯ ಮಟ್ಟದಲ್ಲಿ. ಸಿಲಿಂಡರನ್ನು ಮಲಗುವ ಕೋಣೆಯ ಕಪಾಟಿನಲ್ಲಿ ಇಡಬೇಡಿ.

ಈಗ ನೀರಿನ ದಾರಿ. ಬೆಂಗಳೂರಿನಿಂದ ಬಂದವರಿಗೆ ಇದನ್ನು ವಿವರಿಸುವುದು ಸುಲಭ. ಮನೆಯ ಕೆಳಗೆ ಸಂಪ್, ಮೇಲೆ ಟ್ಯಾಂಕ್, ನಡುವೆ ಮೋಟಾರ್. ಅಕ್ವೇರಿಯಂನಲ್ಲೂ ವ್ಯವಸ್ಥೆ ಅದೇ, ಕೆಳಗಿನ ತೊಟ್ಟಿಗೆ ಹೆಸರೂ ಸಂಪ್ ಎಂದೇ. ರಿಯಾಕ್ಟರ್ ಈ ಸಂಪಿನ ಪಕ್ಕದಲ್ಲೋ ಒಳಗೋ ನಿಲ್ಲುತ್ತದೆ. ಅದು ಅಕ್ರಿಲಿಕ್‌ನ ಕಂಬದಂಥ ಕೊಳವೆ, ಒಳಗೆ ಹವಳದ ಜಲ್ಲಿ, ಬುಡದಲ್ಲಿ ಒಳಗಿನ ನೀರನ್ನು ಸುತ್ತಿಸುತ್ತಲೇ ಇರುವ ಸಣ್ಣ ಪಂಪ್. ಅನಿಲ ಮತ್ತು ಹೊಸ ನೀರು ಎರಡನ್ನೂ ಈ ಪಂಪಿನ ಹೀರುವ ಬಾಯಿಯ ಬಳಿ ಕೊಡಬೇಕು, ಆಗ ಅದರ ರೆಕ್ಕೆಗಳು ಗುಳ್ಳೆಗಳನ್ನು ನುಣ್ಣಗೆ ಒಡೆಯುತ್ತವೆ. ಜಲ್ಲಿ ದಪ್ಪದ್ದಿರಲಿ. ಸಣ್ಣ ಜಲ್ಲಿ ಬೇಗ ಕರಗುತ್ತದೆಂಬ ಆಸೆಗೆ ಅದನ್ನು ತುಂಬಿದರೆ ಅದು ಒತ್ತಾಗಿ ಕುಳಿತು, ನೀರು ಒಂದೆರಡು ಸಂದಿಗಳಲ್ಲಷ್ಟೇ ಹರಿದು, ಉಳಿದ ಕಲ್ಲು ಕೆಲಸಕ್ಕೆ ಬಾರದಂತಾಗುತ್ತದೆ. ತುಂಬುವ ಮೊದಲು ಅಕ್ಕಿ ತೊಳೆದಂತೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ, ಕೊನೆಯ ನೀರು ತಿಳಿಯಾಗಿ ಬರಬೇಕು.

ನೀರನ್ನು ಒಳಗೆ ಕಳಿಸುವ ಹಳೆಯ ವಿಧಾನವೆಂದರೆ ಸಂಪಿನ ನೀರನ್ನು ಮೇಲಿನ ತೊಟ್ಟಿಗೆ ಕಳಿಸುವ ರಿಟರ್ನ್ ಪಂಪಿನ ಕೊಳವೆಯಿಂದ ಒಂದು ಕವಲು ತೆಗೆದು, ಕುಡಿಯುವ ನೀರಿನ ಫಿಲ್ಟರಿಗೆ ಬಳಸುವ ಕಾಲಿಂಚಿನ ಬಿಳಿ ಕೊಳವೆಯನ್ನು ರಿಯಾಕ್ಟರಿಗೆ ಜೋಡಿಸಿ, ಹೊರಬರುವ ತುದಿಯಲ್ಲಿ ಒಂದು ಸಣ್ಣ ವಾಲ್ವಿನಿಂದ ಹರಿವನ್ನು ಬಿಗಿಹಿಡಿಯುವುದು. ಖರ್ಚು ಕಡಿಮೆ. ಆದರೆ ನಿಮಿಷಕ್ಕೆ 19 ಮಿಲಿಲೀಟರ್ ಬರಬೇಕಾದರೆ ಆ ವಾಲ್ವ್ ಕೂದಲೆಳೆಯಷ್ಟು ಮಾತ್ರ ತೆರೆದಿರಬೇಕಾಗುತ್ತದೆ, ಮತ್ತು ಅದರ ಮೂಲಕ ಹೋಗುತ್ತಿರುವುದು ಸುಣ್ಣದಿಂದ ತುಂಬಿದ ನೀರು. ಗೀಸರಿನ ಚಕ್ಕೆ ನೆನಪಿದೆಯಲ್ಲ. ಹೊರಗಿನ ಗಾಳಿ ಸೋಕುವ ತುದಿಯಲ್ಲಿ ಅನಿಲ ಬಿಟ್ಟುಹೋಗುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ. ಶಿವಲಿಂಗದ ಮೇಲೆ ತೂಗುಬಿಟ್ಟ ಧಾರಾಪಾತ್ರೆಯ ರಂಧ್ರಕ್ಕೆ ಕಸ ಸಿಕ್ಕರೆ ಅರ್ಚಕರು ದರ್ಭೆಯ ಕಡ್ಡಿಯಿಂದ ಚುಚ್ಚಿ ಸರಿಮಾಡುತ್ತಾರೆ, ಏಕೆಂದರೆ ಅವರು ಎದುರಿಗೇ ಕುಳಿತಿರುತ್ತಾರೆ. ನಾವು ಕಚೇರಿಯಲ್ಲಿರುತ್ತೇವೆ.

ನನ್ನ ಮೊದಲ ರಿಯಾಕ್ಟರಿನಲ್ಲಿ ಆದದ್ದು ಇದೇ. ಒಂದು ವಾರಾಂತ್ಯ ನಾವು ಊರಿನಲ್ಲಿರಲಿಲ್ಲ. ಹಿಂದಿರುಗಿ ಬೇಸ್‌ಮೆಂಟಿನ ಮೆಟ್ಟಿಲು ಇಳಿಯುವಾಗಲೇ ಜಲ್ಲಿಯಲ್ಲಿ ಕಲ್ಲು ಉರುಳಿದಂಥ ಗರಗರ ಸದ್ದು ಕೇಳಿತು. ಹೊರಹರಿವಿನ ತುದಿಯಲ್ಲಿ ಹನಿಯೂ ಇರಲಿಲ್ಲ. ನೀರು ಬದಲಾಗದಿದ್ದರೂ ಗುಳ್ಳೆಗಳು ಮಾತ್ರ ಲೆಕ್ಕತಪ್ಪದೆ ಒಳಗೆ ಹೋಗುತ್ತಲೇ ಇದ್ದವು. ಕೊಳವೆಯ ಮೇಲ್ಭಾಗದಲ್ಲಿ ಒಂದು ಗೇಣು ಅನಿಲ ನಿಂತು, ಅದನ್ನು ನುಂಗಿದ ಪಂಪ್ ಹಾಗೆ ಸದ್ದು ಮಾಡುತ್ತಿತ್ತು. ಪಿಎಚ್ 5.9ಕ್ಕೆ ಇಳಿದಿತ್ತು. ಮುಚ್ಚಳ ಬಿಚ್ಚಿ ಕೈ ಹಾಕಿದಾಗ ಕೆಳಗಿನ ಜಲ್ಲಿ ರಾಗಿ ಅಂಬಲಿಯ ಗಷ್ಟಿನಂತೆ ಬೆರಳಿಗೆ ಮೆತ್ತಿಕೊಂಡಿತು. ವಾಲ್ವನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದೆ. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಬಸವನಹುಳುವಿನ ಚಿಪ್ಪೊಂದು ಉರುಳಿ ಬಿತ್ತು, ಅದರ ಸುತ್ತ ಸುಣ್ಣ ಹರಳುಗಟ್ಟಿತ್ತು. ಎರಡು ಸಾವಿರ ಡಾಲರಿನ ಹವಳಗಳು ಆ ಚಿಪ್ಪಿನ ಕೈಯಲ್ಲಿದ್ದವು.

ಅಂದಿನಿಂದ ನಾನು ಪೆರಿಸ್ಟಾಲ್ಟಿಕ್ ಪಂಪನ್ನೇ ಬಳಸುತ್ತಿದ್ದೇನೆ. ಮೆದುವಾದ ಕೊಳವೆಯೊಂದನ್ನು ಉರುಳೆಗಳು ಒತ್ತುತ್ತಾ ಸಾಗುವ ಈ ಪಂಪಿನಲ್ಲಿ ನೀರಿನ ದಾರಿಯಲ್ಲಿ ಕಿರಿದಾದ ಬಾಯಿ ಎಲ್ಲೂ ಇಲ್ಲ, ಒಂದು ಸುತ್ತಿಗೆ ಇಷ್ಟು ಎಂದರೆ ಅಷ್ಟೇ ಹೋಗುತ್ತದೆ. ಕೊಳ್ಳುವಾಗ ದಿನವಿಡೀ ಎಡೆಬಿಡದೆ ಓಡಬಲ್ಲದ್ದನ್ನೇ ಕೇಳಿ ಕೊಳ್ಳಿ. ದಿನಕ್ಕೆ ಹತ್ತು ನಿಮಿಷ ದ್ರಾವಣ ಹಾಕಲು ಮಾಡಿದ ಅಗ್ಗದ ಪಂಪ್ ಈ ಕೆಲಸಕ್ಕೆ ಬಾಳುವುದಿಲ್ಲ. ಪಂಪನ್ನು ಒಳಹರಿವಿನ ಕಡೆ ಇಟ್ಟು ನೀರನ್ನು ತಳ್ಳಬೇಕೋ, ಹೊರಹರಿವಿನ ಕಡೆ ಇಟ್ಟು ಎಳೆಯಬೇಕೋ ಎಂಬುದರಲ್ಲಿ ಹವ್ಯಾಸಿಗಳು ಎರಡು ಪಂಗಡವಾಗಿದ್ದಾರೆ. ನಾನು ತಳ್ಳುವ ಪಂಗಡದವನು. ಹೊರತುದಿ ಪೂರ್ತಿ ತೆರೆದಿರುವುದರಿಂದ ಸುಣ್ಣ ಕೂರಲು ಇಕ್ಕಟ್ಟಾದ ಜಾಗವಿಲ್ಲ. ಎಳೆಯುವವರ ವಾದವೂ ಹುರುಳಿಲ್ಲದ್ದಲ್ಲ. ತಳ್ಳುವ ಜೋಡಣೆಯಲ್ಲಿ ಹೊರತುದಿ ಎಲ್ಲಿಯಾದರೂ ಕಟ್ಟಿಕೊಂಡರೆ ಪಂಪ್ ನಿಲ್ಲದೆ ಒತ್ತಡ ಏರಿಸುತ್ತದೆ, ಮುಚ್ಚಳದ ರಬ್ಬರ್ ಉಂಗುರದಿಂದ ನೀರು ಚಿಮ್ಮುತ್ತದೆ. ಅದಕ್ಕಾಗಿ ನನ್ನ ರಿಯಾಕ್ಟರ್ ಸಂಪಿನೊಳಗೇ ನಿಂತಿದೆ, ಚಿಮ್ಮಿದರೂ ನೀರು ಸೇರುವುದು ಸಂಪನ್ನೇ. ಹೊರಗೆ ಇಡುವವರು ಕೆಳಗೊಂದು ಅಗಲವಾದ ತಟ್ಟೆ ಇಡಲಿ.

ಉಳಿದ ಜೋಡಣೆಯ ವಿವರಗಳು ಸಣ್ಣವು, ಆದರೆ ಬಿಟ್ಟರೆ ಕಾಡುವಂಥವು. ನೀರು ಹೀರುವ ತುದಿಯನ್ನು ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ನಂತರದ ಶುಭ್ರವಾದ ಖಾನೆಯಲ್ಲಿ, ಸ್ಪಂಜಿನ ತುಂಡು ಸುತ್ತಿ ಇಳಿಬಿಡಿ. ರಿಯಾಕ್ಟರಿನ ಎರಡೂ ಕಡೆ ನಲ್ಲಿಯಂಥ ಬಾಲ್ ವಾಲ್ವ್ ಹಾಕಿದರೆ ತೊಳೆಯಲು ಬಿಚ್ಚುವಾಗ ನೆಲ ಒದ್ದೆಯಾಗದು. ಒತ್ತಿ ಕೂರಿಸುವ ಫಿಟ್ಟಿಂಗಿಗೆ ಕೊಳವೆಯ ತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಓರೆಯಾಗಿದ್ದರೆ ಸೋರುತ್ತದೆ. ರಿಯಾಕ್ಟರಿನ ಜಲ್ಲಿ ತುಂಬಿದ ಮೊದಲ ಕೊಳವೆಯಿಂದ ಹೊರಬರುವ ನೀರಿನಲ್ಲಿ ಅನಿಲ ಇನ್ನೂ ಉಳಿದಿರುತ್ತದೆ. ಅದನ್ನು ಜಲ್ಲಿ ತುಂಬಿದ ಎರಡನೆಯ ಕೊಳವೆಯ ಮೂಲಕ ಹಾಯಿಸಿದರೆ ಆ ಅನಿಲವೂ ಕಲ್ಲು ಕರಗಿಸಲು ಖರ್ಚಾಗಿ ಪಿಎಚ್ ಸ್ವಲ್ಪ ಏರುತ್ತದೆ. ಕೊನೆಯ ಹನಿ ಸ್ಕಿಮ್ಮರಿನ ಬಾಯಿಯ ಬಳಿ ಬೀಳಲಿ, ಅಲ್ಲಿನ ಗಾಳಿ ಉಳಿದ ಅನಿಲವನ್ನು ಹೊರಗೆ ಹಾಕುತ್ತದೆ. ರಿಟರ್ನ್ ಪಂಪಿನ ಪಕ್ಕದಲ್ಲಿ ಬೀಳಿಸಿದರೆ ಆಮ್ಲೀಯ ನೀರು ನೇರವಾಗಿ ಹವಳಗಳ ಮೈಮೇಲೆ ಹೋಗುತ್ತದೆ.

ಚಾಲೂ ಮಾಡುವಾಗ ಆತುರ ಬೇಡ. ಮೊದಲ ದಿನ ಅನಿಲವಿಲ್ಲದೆ ನೀರನ್ನಷ್ಟೇ ಓಡಿಸಿ, ಪ್ರತಿ ಕೀಲಿಗೂ ಒಣ ಟಿಶ್ಯೂ ಕಾಗದ ಮುಟ್ಟಿಸಿ ನೋಡಿ. ರಿಯಾಕ್ಟರಿನೊಳಗಿನ ಪಿಎಚ್ ಅಳೆಯುವ ಪ್ರೋಬನ್ನು ಪಿಎಚ್ 7 ಮತ್ತು 4ರ ದ್ರಾವಣಗಳಲ್ಲಿ ಹೊಂದಿಸಿ, ಏಕೆಂದರೆ ನಮ್ಮ ಕೆಲಸದ ಮಟ್ಟ ಅವೆರಡರ ನಡುವೆ ಇದೆ. ತೊಟ್ಟಿಯ ಪ್ರೋಬಿಗೆ ಬಳಸುವ 10ರ ದ್ರಾವಣ ಇಲ್ಲಿ ಉಪಯೋಗಕ್ಕಿಲ್ಲ. ಎರಡನೆಯ ದಿನ ನೀರಿನ ಹರಿವನ್ನು ಲೆಕ್ಕದ ಅಂಕಿಗೆ ತಂದು, ನಿಮಿಷಕ್ಕೆ ಹತ್ತು ಹನ್ನೆರಡು ಗುಳ್ಳೆಗಳಿಂದ ಶುರುಮಾಡಿ. ಸಾಮಾನ್ಯವಾಗಿ ಒಳಗಿನ ಪಿಎಚ್ 6.5ರಿಂದ 6.7ರ ನಡುವೆ ನಿಂತರೆ ಜಲ್ಲಿ ಹದವಾಗಿ ಕರಗುತ್ತದೆ. ಪ್ರತಿ ಬದಲಾವಣೆಗೂ ಒಂದು ದಿನ ಕಾಯಿರಿ, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀರು ಮತ್ತು ಅನಿಲ ಎರಡನ್ನೂ ಒಟ್ಟಿಗೆ ತಿರುಗಿಸಿದವರು ಯಾವುದರಿಂದ ಏನಾಯಿತೆಂದು ತಿಳಿಯದೆ ವಾರಗಟ್ಟಲೆ ಒದ್ದಾಡಿದ್ದನ್ನು ನೋಡಿದ್ದೇನೆ.

ಪಿಎಚ್ ಕಂಟ್ರೋಲರಿನ ಬಗ್ಗೆ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಗುಳ್ಳೆಗಳನ್ನು ಧಾರಾಳವಾಗಿ ಬಿಟ್ಟು, 6.5ಕ್ಕೆ ಬಂದೊಡನೆ ಕಂಟ್ರೋಲರ್ ಸೊಲೆನಾಯ್ಡನ್ನು ಮುಚ್ಚುತ್ತಾ ತೆರೆಯುತ್ತಾ ಇರಲಿ ಎಂದು ಹಲವರು ಬಿಟ್ಟಿರುತ್ತಾರೆ. ಆಗ ಇಡೀ ವ್ಯವಸ್ಥೆ ಒಂದು ಪ್ರೋಬಿನ ಪ್ರಾಮಾಣಿಕತೆಯ ಮೇಲೆ ನಿಲ್ಲುತ್ತದೆ, ಪ್ರೋಬುಗಳು ದಿನಕಳೆದಂತೆ ಸುಳ್ಳು ಹೇಳತೊಡಗುತ್ತವೆ. ನಾನು ನೀಡಲ್ ವಾಲ್ವಿನಿಂದಲೇ ಪಿಎಚ್ 6.6ರ ಬಳಿ ತಾನಾಗಿ ನಿಲ್ಲುವಂತೆ ಮಾಡಿ, ಕಂಟ್ರೋಲರನ್ನು 6.4ಕ್ಕೆ ಕಾವಲಿಗೆ ಇಟ್ಟಿದ್ದೇನೆ. ತಿಂಗಳುಗಟ್ಟಲೆ ಅದಕ್ಕೆ ಕೆಲಸವಿರುವುದಿಲ್ಲ. ಅದು ಒಂದು ಸಲ ಅನಿಲ ನಿಲ್ಲಿಸಿತೆಂದರೆ ನಾನು ನೀಡಲ್ ವಾಲ್ವಿಗೆ ಕೈಹಾಕುವುದಿಲ್ಲ, ಸಿರಪ್ ಮುಚ್ಚಳ ಹಿಡಿದು ನೀರಿನ ಹರಿವನ್ನು ಅಳೆಯಲು ಹೋಗುತ್ತೇನೆ.

ತೊಟ್ಟಿಯ ಪಿಎಚ್ ಕೆಳಗಿಳಿಯುತ್ತದೆಂಬ ದೂರು ಎಲ್ಲರದೂ ಹೌದು, ಅದರಲ್ಲೂ ಕಿಟಕಿ ಮುಚ್ಚಿದ ಚಳಿಗಾಲದಲ್ಲಿ. ಆವಿಯಾದ ನೀರಿಗೆ ಬದಲಾಗಿ ರಾತ್ರಿ ಹೊತ್ತು ಸುಣ್ಣದ ತಿಳಿನೀರನ್ನು ಹನಿಸಿದರೆ ಅದು ಹೆಚ್ಚುವರಿ ಡೈಆಕ್ಸೈಡನ್ನು ನುಂಗಿ ತಾನೂ ಒಂದಿಷ್ಟು ಕ್ಯಾಲ್ಸಿಯಂ ಕೊಡುತ್ತದೆ. ಅಂದರೆ ಶಾಲೆಯ ಪ್ರಯೋಗದ ಎರಡೂ ಅರ್ಧಗಳು ಒಂದೇ ಸಂಪಿನಲ್ಲಿ ನಡೆಯುತ್ತವೆ.

ಇನ್ನು ನಿರ್ವಹಣೆ. ಪೆರಿಸ್ಟಾಲ್ಟಿಕ್ ಪಂಪಿನ ಒಳಗೊಳವೆಯನ್ನು ಸೀಳುವವರೆಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ಹೊರತುದಿಯನ್ನು ಎರಡು ತಿಂಗಳಿಗೊಮ್ಮೆ ಬಿಳಿ ವಿನೆಗರಿನಲ್ಲಿ ನೆನೆಸಿಡಿ. ಜಲ್ಲಿಯ ಮಟ್ಟಕ್ಕೆ ನಾನು ಪ್ರತಿ ತಿಂಗಳ ಒಂದನೆಯ ತಾರೀಕು ಕೊಳವೆಯ ಹೊರಮೈಯಲ್ಲಿ ಮಾರ್ಕರಿನಿಂದ ಗೆರೆ ಎಳೆದು ತಿಂಗಳ ಹೆಸರು ಬರೆಯುತ್ತೇನೆ. ಹವಳಗಳು ಚೆನ್ನಾಗಿ ಉಣ್ಣುತ್ತಿರುವ ತಿಂಗಳುಗಳಲ್ಲಿ ಗೆರೆಗಳ ನಡುವೆ ಅಂತರ ಹೆಚ್ಚು. ಕಳೆದ ಚಳಿಗಾಲದಲ್ಲಿ ಎರಡು ಗೆರೆಗಳು ಒಂದರ ಮೇಲೊಂದು ಎನ್ನುವಷ್ಟು ಹತ್ತಿರ ಬಂದವು. ಗುಳ್ಳೆಗಳು ಸರಿಯಾಗಿದ್ದವು, ಪಿಎಚ್ ಸರಿಯಾಗಿತ್ತು. ಮುಚ್ಚಳ ಹಿಡಿದು ಅಳೆದಾಗ ನಿಮಿಷಕ್ಕೆ 11 ಮಿಲಿಲೀಟರ್ ಬರುತ್ತಿತ್ತು, ಅನಿಲವನ್ನು ಕಂಟ್ರೋಲರ್ ಆಗಾಗ ತಡೆದು ಪಿಎಚ್ ಕಾಯುತ್ತಿತ್ತು. ಹೀರುವ ತುದಿಯ ಸ್ಪಂಜನ್ನು ಹಿಂಡಿ ತೊಳೆದು ಹಾಕಿದೆ, ಹರಿವು 19ಕ್ಕೆ ಮರಳಿತು.